ನಕ್ಷತ್ರ ಕುಸಿದು ಕಪ್ಪುಕುಳಿ ಆಗುವಾಗ ಬೆಳಕು ಎಲ್ಲಿಗೆ ಹೋಗುತ್ತೆ? ಲ್ಯಾಪ್‌ಟಾಪ್‌ನಲ್ಲೇ ಸಿಮ್ಯುಲೇಶನ್ ಮಾಡಿ ನೋಡಿ

ಕಪ್ಪುಕುಳಿಯ ಸುತ್ತ ಬೆಳಕು ಬಾಗುವ ಚಿತ್ರ ಬರೆಯುವ ಪ್ರೋಗ್ರಾಂಗಳು ನೆಟ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಆಗಲೇ ಹುಟ್ಟಿ ಬೆಳೆದು ಸುಮ್ನೆ ಕೂತಿರುವ ಕಪ್ಪುಕುಳಿಯದ್ದು. ನಕ್ಷತ್ರ ಇನ್ನೂ ಕುಸಿಯುತ್ತಿರುವಾಗಲೇ ಅದರ ಒಳಗಿಂದ, ಮೈಮೇಲಿಂದ ಹೊರಟ ಬೆಳಕಿನಲ್ಲಿ ಯಾವುದು ಪಾರಾಗುತ್ತೆ, ಯಾವುದು ಸಿಕ್ಕಿಬೀಳುತ್ತೆ, ದೂರದಲ್ಲಿ ನಿಂತವರಿಗೆ ಕೊನೆಗೆ ಏನು ಕಾಣುತ್ತೆ ಅಂತ ಲೆಕ್ಕ ಹಾಕೋಕೆ ಮಾತ್ರ ಜನ ಹೆದರುತ್ತಾರೆ. ಸೂಪರ್ ಕಂಪ್ಯೂಟರ್ ಬೇಕೇನೋ ಅಂದುಕೊಳ್ಳುತ್ತಾರೆ. ಬೇಡ. ಸರಿಯಾದ ಗಡಿಯಾರ ಆರಿಸಿಕೊಂಡರೆ ಇಡೀ ಲೆಕ್ಕ ನಾಲ್ಕು ಸಾಲಿಗೆ ಇಳಿಯುತ್ತೆ.

ಬೇಕಾಗಿರೋದು ಪೈಥಾನ್, ಅದರ ಲೈಬ್ರರಿಗಳಾದ ನಂಪೈ, ಸೈಪೈ, ಮ್ಯಾಟ್‌ಪ್ಲಾಟ್‌ಲಿಬ್, ಜೊತೆಗೆ ಪಿಯುಸಿಯಲ್ಲಿ ಓದಿದ ಕ್ಯಾಲ್ಕುಲಸ್ ಮತ್ತು ವೆಕ್ಟರ್. ಟೆನ್ಸರ್ ಗೊತ್ತಿಲ್ಲದಿದ್ದರೂ ನಡೆಯುತ್ತೆ. ಅಂದಹಾಗೆ ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು, ಕೆಳಗಿನ ಹೆಸರುಗಳನ್ನು ಹಾಗೇ ಬಳಸಿದರೂ ಕೋಡ್ ಓಡುತ್ತೆ.

ಯಾವ ನಕ್ಷತ್ರ, ಯಾವ ಅಳತೆ

ನಾವು ಕುಸಿಸುವುದು ಧೂಳಿನ ಒಂದು ಉಂಡೆ. ಪೂರ್ತಿ ಗೋಳ, ಎಲ್ಲ ಕಡೆ ಒಂದೇ ಸಾಂದ್ರತೆ, ಒತ್ತಡ ಸೊನ್ನೆ, ತಿರುಗುವಿಕೆ ಇಲ್ಲ. 1939ರಲ್ಲಿ ಓಪನ್‌ಹೈಮರ್ ಮತ್ತು ಸ್ನೈಡರ್ ಬಿಡಿಸಿದ್ದು ಇದೇ ಲೆಕ್ಕ. ಅದಕ್ಕೂ ಒಂದು ವರ್ಷ ಮೊದಲೇ ಕಲ್ಕತ್ತಾದ ಬಿ. ದತ್ತ್ ಇದೇ ಪರಿಹಾರವನ್ನು ಪ್ರಕಟಿಸಿದ್ದರು, ಅವರ ಹೆಸರು ಹೇಳೋರು ಈಗಲೂ ಕಮ್ಮಿ. ನಿಜವಾದ ನಕ್ಷತ್ರ ಇಷ್ಟು ಸರಳ ಅಲ್ಲ, ಆದರೆ ಬೆಳಕು ಹೇಗೆ ಸಿಕ್ಕಿಬೀಳುತ್ತೆ ಅನ್ನೋದರ ತಿರುಳು ಇದರಲ್ಲೇ ಇದೆ. ಇನ್ನೂ ಒಂದು ಸರಳ ಮಾಡಿಕೊಳ್ಳೋಣ: ಧೂಳು ತುಂಬಾ ದೂರದಲ್ಲಿ ನಿಶ್ಚಲವಾಗಿದ್ದು ಅಲ್ಲಿಂದ ಬೀಳಲು ಶುರು ಮಾಡಿದೆ ಅಂತ ಇಟ್ಟುಕೊಳ್ಳಿ.

ಬೆಳಕಿನ ವೇಗ 1, ಗುರುತ್ವ ಸ್ಥಿರಾಂಕ 1, ನಕ್ಷತ್ರದ ದ್ರವ್ಯರಾಶಿಯೂ 1. ಕೋಡ್ ಒಳಗೆ ಕಿಲೋಮೀಟರು, ಸೆಕೆಂಡು ತರಲೇಬೇಡಿ. ಕೊನೆಯಲ್ಲಿ ಬೇಕಾದರೆ ಗುಣಿಸಿಕೊಳ್ಳಬಹುದು: ಒಂದು ಸೂರ್ಯನಷ್ಟು ದ್ರವ್ಯರಾಶಿಗೆ ದೂರದ 1 ಅಂದರೆ 1.477 ಕಿಲೋಮೀಟರ್, ಕಾಲದ 1 ಅಂದರೆ 4.925 ಮೈಕ್ರೋಸೆಕೆಂಡ್. ಹತ್ತು ಸೂರ್ಯರ ನಕ್ಷತ್ರವಾದರೆ ಎರಡನ್ನೂ ಹತ್ತರಿಂದ ಗುಣಿಸಿ. ಈ ಅಳತೆಯಲ್ಲಿ ಕಪ್ಪುಕುಳಿಯ ಘಟನಾ ದಿಗಂತ, ಅಂದರೆ ಒಳಗೆ ಹೋದ ಬೆಳಕೂ ವಾಪಸ್ ಬರಲಾಗದ ಗಡಿ, ಕೊನೆಗೆ ಬಂದು ನಿಲ್ಲುವುದು ದೂರ 2ರಲ್ಲಿ.

ಗಡಿಯಾರದ ಆಯ್ಕೆ

ಎಲ್ಲರೂ ಮೊದಲು ಕೈಹಾಕುವುದು ಶ್ವಾರ್ಟ್ಸ್‌ಶೀಲ್ಡ್ 1916ರಲ್ಲಿ ಕೊಟ್ಟ ಸೂತ್ರಕ್ಕೆ. ಅದರ ಕಾಲ ಅಂದರೆ ದೂರದಲ್ಲಿ ನಿಂತವರ ಕಾಲ. ಕುಸಿತಕ್ಕೆ ಅದು ಆಗಿಬರಲ್ಲ. ದೂರ 2ರ ಹತ್ತಿರ ಬಂದಂತೆ ಆ ಗಡಿಯಾರದಲ್ಲಿ ಎಲ್ಲವೂ ಅನಂತ ಕಾಲ ತೆಗೆದುಕೊಳ್ಳುತ್ತೆ, ಕೋಡ್ ಸೊನ್ನೆಯಿಂದ ಭಾಗಿಸಲು ಹೋಗಿ ನಿಲ್ಲುತ್ತೆ, ದಿಗಂತದ ಒಳಗೆ ಇಣುಕಲೂ ಆಗಲ್ಲ.

ಬದಲಿಗೆ ಧೂಳಿನ ಜೊತೆಗೇ ಬೀಳುವವರ ಗಡಿಯಾರ ತೆಗೆದುಕೊಳ್ಳಿ. 1921-22ರಲ್ಲಿ ಪ್ಯಾನ್‌ಲವೆ ಮತ್ತು ಗುಲ್‌ಸ್ಟ್ರಾಂಡ್ ಬೇರೆಬೇರೆಯಾಗಿ ಕಂಡುಕೊಂಡದ್ದು ಇದು. ಈ ಗಡಿಯಾರದಲ್ಲಿ ನೋಡಿದರೆ ಜಾಗವೇ ಹೊಳೆಯ ನೀರಿನ ಹಾಗೆ ಕೇಂದ್ರದ ಕಡೆ ಹರಿಯುತ್ತಿರುತ್ತೆ, ಬೆಳಕು ಆ ನೀರಿನಲ್ಲಿ ಯಾವಾಗಲೂ ವೇಗ 1ರಲ್ಲೇ ಈಜುವ ಮೀನು. ಹರಿವಿನ ವೇಗ 1ಕ್ಕಿಂತ ಜಾಸ್ತಿ ಇರುವ ಕಡೆ ಮೀನು ಎಷ್ಟು ಈಜಿದರೂ ಹಿಂದಕ್ಕೇ ಹೋಗುತ್ತೆ. ಕೇಳೋಕೆ ಕತೆ ಹಾಗಿದೆ, ಆದರೆ ಐನ್‌ಸ್ಟೈನ್ ಸಮೀಕರಣದಿಂದ ಬರುವ ಗಣಿತವೂ ಅಕ್ಷರಶಃ ಹೀಗೇ ಇದೆ.

ನಕ್ಷತ್ರದ ಹೊರಗೆ ಹರಿವಿನ ವೇಗ √(2 ÷ ದೂರ). ನ್ಯೂಟನ್ ಲೆಕ್ಕದಲ್ಲಿ ಬರುವ ತಪ್ಪಿಸಿಕೊಳ್ಳುವ ವೇಗವೂ ಇಷ್ಟೇ. ಒಳಗೆ ಹರಿವು ದೂರಕ್ಕೆ ನೇರ ಅನುಪಾತದಲ್ಲಿರುತ್ತೆ, ನಟ್ಟನಡುವೆ ಸೊನ್ನೆ. ಇಡೀ ಉಂಡೆ ಒಂದು ಬಿಂದುವಾಗುವ ಕ್ಷಣವನ್ನು ಕಾಲ 0 ಅಂತ ಇಟ್ಟುಕೊಳ್ಳಿ. ಅದಕ್ಕೆ ಇನ್ನೂ ಎಷ್ಟು ಕಾಲ ಬಾಕಿ ಇದೆಯೋ ಅದು ಉಳಿದಕಾಲ. ಆಗ

ಮೇಲ್ಮೈ³ = 4.5 × ಉಳಿದಕಾಲ²

ಮೇಲ್ಮೈ ಅಂದರೆ ಉಂಡೆಯ ತ್ರಿಜ್ಯ. ತ್ರಿಜ್ಯ 10 ಇರುವಾಗ ಉಳಿದಕಾಲ 14.9, ಅಂದರೆ ಕಾಲ −14.9. ಸಿಮ್ಯುಲೇಶನ್ ಅಲ್ಲಿಂದ ಶುರು ಮಾಡಿ. ಹತ್ತು ಸೂರ್ಯರ ನಕ್ಷತ್ರಕ್ಕೆ ಇದು 148 ಕಿಲೋಮೀಟರ್ ತ್ರಿಜ್ಯ, ಬಾಕಿ ಇರೋದು 0.73 ಮಿಲಿಸೆಕೆಂಡ್. ಕಾಲ 0 ದಾಟಿದ ಮೇಲೆ ಮೇಲ್ಮೈ = 0 ಅಂತ ಕೊಟ್ಟುಬಿಡಿ, ಆಮೇಲೆ ಉಳಿಯುವುದು ಬರೀ ಕಪ್ಪುಕುಳಿ.

ಆ ನಾಲ್ಕು ಸಾಲು

ಕಿರಣಕ್ಕೆ ಎರಡು ವೆಕ್ಟರ್ ಸಾಕು: ಜಾಗ ಮತ್ತು ಸಂವೇಗ. ಎಲ್ಲವೂ ಗೋಳ, ಹಾಗಾಗಿ ಪ್ರತಿ ಕಿರಣ ಒಂದೇ ಸಮತಲದಲ್ಲಿ ಓಡುತ್ತೆ, ಎರಡು ಆಯಾಮ ಸಾಕು. ಕೋನ ಮತ್ತು ತ್ರಿಜ್ಯದಲ್ಲಿ ಬರೆಯಬೇಡಿ, ನಕ್ಷತ್ರದ ನಡುವೆ ಹಾಯುವ ಕಿರಣಕ್ಕೆ ಅದು ತೊಂದರೆ ಕೊಡುತ್ತೆ. ಗ್ರಾಫ್ ಹಾಳೆಯ ಅಡ್ಡ-ಉದ್ದ ಅಕ್ಷಗಳಲ್ಲೇ ಬರೆಯಿರಿ.

ಸೆಳೆತ = √(2 ÷ ದೊಡ್ಡದು³), ಇಲ್ಲಿ ದೊಡ್ಡದು ಅಂದರೆ ದೂರ, ಮೇಲ್ಮೈ ಎರಡರಲ್ಲಿ ಯಾವುದು ದೊಡ್ಡದೋ ಅದು
ಜಾಗ ಬದಲಾಗುವ ದರ = ದಿಕ್ಕು − ಸೆಳೆತ × ಜಾಗ
ಒಳಗಿದ್ದರೆ, ಸಂವೇಗ ಬದಲಾಗುವ ದರ = ಸೆಳೆತ × ಸಂವೇಗ
ಹೊರಗಿದ್ದರೆ, ಸಂವೇಗ ಬದಲಾಗುವ ದರ = ಸೆಳೆತ × (ಸಂವೇಗ − 1.5 × ಸಂವೇಗದ ತ್ರಿಜ್ಯ ಭಾಗ)

ದಿಕ್ಕು ಅಂದರೆ ಸಂವೇಗವನ್ನು ಅದರ ಉದ್ದದಿಂದ ಭಾಗಿಸಿದ್ದು. ತ್ರಿಜ್ಯ ಭಾಗ ಅಂದರೆ ಕೇಂದ್ರದಿಂದ ಹೊರಮುಖವಾಗಿರುವ ತುಂಡು, ಅದೂ ವೆಕ್ಟರೇ. ಸೆಳೆತವನ್ನು ದೂರದಿಂದ ಗುಣಿಸಿದರೆ ಹರಿವಿನ ವೇಗ ಬರುತ್ತೆ.

ಜೊತೆಗೆ ಇನ್ನೊಂದು ಸಂಖ್ಯೆ ಲೆಕ್ಕ ಹಾಕಿಟ್ಟುಕೊಳ್ಳಿ: ಶಕ್ತಿ = ಸಂವೇಗದ ಉದ್ದ − ಸೆಳೆತ × (ಜಾಗ, ಸಂವೇಗಗಳ ಡಾಟ್ ಗುಣಲಬ್ಧ). ನಕ್ಷತ್ರದ ಹೊರಗೆ ಇದು ಬದಲಾಗಬಾರದು. ಒಳಗೆ ಬದಲಾಗುತ್ತೆ, ಯಾಕಂದರೆ ಅಲ್ಲಿ ಹರಿವು ಕಾಲದ ಜೊತೆ ಜೋರಾಗುತ್ತಾ ಇದೆ. ಒಳಗೆ ಬದಲಾಗದೆ ಉಳಿಯೋದು ಸಂವೇಗದ ದಿಕ್ಕು. ಕೋನೀಯ ಸಂವೇಗ ಎಲ್ಲ ಕಡೆಯೂ ಸ್ಥಿರ. ಈ ಮೂರನ್ನೂ ಪ್ರತಿ ಓಟದಲ್ಲಿ ಪರೀಕ್ಷಿಸಿ.

ಓಡಿಸಲು ಇಂಥ ಸಮೀಕರಣಗಳನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸುವ ಸೈಪೈಯ ಸಾಲ್ವ್-ಐವಿಪಿ (solve_ivp) ಸಾಕು, ಆದರೆ ಅದರ ಡೀಫಾಲ್ಟ್ ನಿಖರತೆ ಸಾವಿರದಲ್ಲಿ ಒಂದು ಮಾತ್ರ, ಈ ಕೆಲಸಕ್ಕೆ ಅದು ತೀರಾ ಒರಟು. ಸಾಪೇಕ್ಷ ಟಾಲರೆನ್ಸ್ (rtol) ಅನ್ನು 10⁻¹⁰ಕ್ಕೆ ಇಳಿಸಿ, ವಿಧಾನ ಡಿಓಪಿ853 (DOP853) ಆರಿಸಿ. ಇನ್ನೊಂದು ವಿಷಯ: ಮೇಲ್ಮೈ ದಾಟುವಾಗ ಹರಿವು ಮುರಿಯುವುದಿಲ್ಲ, ಆದರೆ ಅದರ ಇಳಿಜಾರು ತಟ್ಟನೆ ಬದಲಾಗುತ್ತೆ. ಒಂದು ಹೆಜ್ಜೆ ಆ ಗಡಿಯ ಮೇಲೇ ಬಿದ್ದರೆ ನಿಖರತೆ ಹೋಯಿತು. ಹಾಗಾಗಿ ದೂರ − ಮೇಲ್ಮೈ ಸೊನ್ನೆಯಾದ ಕ್ಷಣವನ್ನು ಈವೆಂಟ್ ಆಗಿ ಹಿಡಿದು, ಅಲ್ಲಿ ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಶುರು ಮಾಡಿಸಿ.

ಚಿತ್ರಕ್ಕೆ ಮೊದಲು ಪರೀಕ್ಷೆ

ಇಲ್ಲಿ ನಾನು ಸ್ವಲ್ಪ ಹಟ ಮಾಡ್ತೀನಿ. ಬಣ್ಣಬಣ್ಣದ ಚಿತ್ರ ಬರೆಯೋ ಆಸೆ ಎಲ್ಲರಿಗೂ ಇರುತ್ತೆ, ಆದರೆ ತಪ್ಪು ಕೋಡ್ ಕೂಡ ಚೆಂದದ ಚಿತ್ರವನ್ನೇ ಕೊಡುತ್ತೆ, ನೋಡಿದರೆ ಗೊತ್ತಾಗಲ್ಲ. ಕೆಳಗಿನ ಅಂಕಿಗಳು ಬರುವ ತನಕ ಚಿತ್ರದ ತಂಟೆಗೆ ಹೋಗಬೇಡಿ.

ಮೊದಲನೆಯದು ಕೇಂದ್ರದ ಪರೀಕ್ಷೆ. ಧೂಳು ಪಾರದರ್ಶಕ ಅಂತ ಇಟ್ಟುಕೊಂಡು, ನಟ್ಟನಡುವಿನಿಂದ ಬೇರೆಬೇರೆ ಹೊತ್ತಿನಲ್ಲಿ ಒಂದೊಂದು ಕಿರಣ ಬಿಡಿ: ಕಾಲ −8, −7, −6, −5, −4, −3. ಅಡ್ಡಕ್ಕೆ ದೂರ, ಮೇಲಕ್ಕೆ ಕಾಲ ಇಟ್ಟು ಗ್ರಾಫ್ ಬರೆಯಿರಿ. ಮೊದಲ ನಾಲ್ಕು ಕಿರಣ ಪಾರಾಗುತ್ತವೆ. ಕೊನೆಯ ಎರಡು ಸ್ವಲ್ಪ ದೂರ ಹೋಗಿ, ತಡವರಿಸಿ, ಒಳಗೆ ಎಳೆದುಕೊಂಡು ಹೋಗುತ್ತವೆ. ಗಡಿ ಎಲ್ಲಿದೆ ಅಂತ −5 ಮತ್ತು −4ರ ನಡುವೆ ಅರ್ಧರ್ಧ ಮಾಡುತ್ತಾ ಹುಡುಕಿ. ಉತ್ತರ ಸರಿಯಾಗಿ −4.5 ಬರಬೇಕು. ನಾಲ್ಕನೇ ದಶಮಾಂಶ ಸ್ಥಾನದ ತನಕ ಬರದಿದ್ದರೆ ಕೋಡ್‌ನಲ್ಲಿ ಏನೋ ಇದೆ ಅಂತ ಅರ್ಥ.

ಈ −4.5ರ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಿ ನೋಡಿ. ಆ ಕ್ಷಣದಲ್ಲಿ ನಕ್ಷತ್ರದ ತ್ರಿಜ್ಯವೂ 4.5, ದಿಗಂತ ಬಂದು ನಿಲ್ಲಬೇಕಾದ 2ರ ಎರಡೂಕಾಲು ಪಟ್ಟು. ಮೇಲ್ಮೈ ಇನ್ನೂ ಅಷ್ಟು ಹೊರಗಿದೆ, ಆದರೂ ಕೇಂದ್ರದಲ್ಲಿ ಘಟನಾ ದಿಗಂತ ಆಗಲೇ ಹುಟ್ಟಿಬಿಟ್ಟಿದೆ. ಅಲ್ಲಿಂದ ಅದು ಬೆಳಕಿನ ವೇಗದಲ್ಲೇ ಹೊರಗೆ ಬೆಳೆದು, ಕಾಲ −1.333ರಲ್ಲಿ, ಮೇಲ್ಮೈ 2ನ್ನು ದಾಟುವ ಹೊತ್ತಿಗೆ ಸರಿಯಾಗಿ 2 ತಲುಪಿ ಅಲ್ಲೇ ನಿಲ್ಲುತ್ತೆ. ನಡುವಿನಲ್ಲಿ ಕೂತ ಧೂಳಿನ ಕಣಕ್ಕೆ ಆ ಕ್ಷಣ ಏನೂ ವಿಶೇಷ ಅನಿಸಲ್ಲ, ಸುತ್ತಮುತ್ತ ಯಾವ ಅಳತೆಯೂ ಬದಲಾಗಿರಲ್ಲ. ಅದು ಆಗಲೇ ಸಿಕ್ಕಿಬಿದ್ದಿದೆ ಅನ್ನೋದು ಮುಂದೆ ಏನಾಗಲಿದೆ ಅಂತ ಪೂರ್ತಿ ಲೆಕ್ಕ ಹಾಕಿದವರಿಗೆ ಮಾತ್ರ ಗೊತ್ತು. ಅದಕ್ಕೇ ದಿಗಂತವನ್ನು ಹುಡುಕೋದು ಅರ್ಧರ್ಧ ಮಾಡುವ ಆಟ, ನೇರ ಸೂತ್ರಕ್ಕೆ ಸಿಗುವ ವಸ್ತು ಅದಲ್ಲ.

ಇದೇ ಗ್ರಾಫಿನಲ್ಲಿ ಹರಿವಿನ ವೇಗ ಸರಿಯಾಗಿ 1 ಇರುವ ಗೆರೆಯನ್ನೂ ಎಳೆಯಿರಿ. ಒಳಗಡೆ ಅದು ದೂರ = 1.5 × ಉಳಿದಕಾಲ. ಅದು ಹುಟ್ಟೋದು ಮೇಲ್ಮೈಯಲ್ಲಿ, ಕಾಲ −1.333ರಲ್ಲಿ, ಮತ್ತು ಅಲ್ಲಿಂದ ಒಳಮುಖವಾಗಿ ಓಡುತ್ತೆ. ಒಂದು ಗೆರೆ ಒಳಗಿಂದ ಹೊರಗೆ, ಇನ್ನೊಂದು ಹೊರಗಿಂದ ಒಳಗೆ, ಎರಡೂ ಸೇರೋದು 2ರಲ್ಲಿ. ಈ ಒಂದು ಗ್ರಾಫ್ ಬರೆದರೆ ಕುಸಿತದ ಅರ್ಧ ಕತೆ ಅರ್ಥವಾದ ಹಾಗೆ.

ಎರಡನೆಯದು ರೆಡ್‌ಶಿಫ್ಟ್. ಮೇಲ್ಮೈಯಿಂದ ಹೊರಟ ಬೆಳಕಿನ ಅಲೆಯುದ್ದ ದೂರದ ವೀಕ್ಷಕರಿಗೆ ಎಷ್ಟು ಪಟ್ಟು ಹಿಗ್ಗಿರುತ್ತೆ ಅಂದರೆ, ಹೊರಟಾಗಿನ ಸಂವೇಗದ ಉದ್ದ ÷ ಶಕ್ತಿ. ಬೀಳುವವರ ಗಡಿಯಾರ ಆರಿಸಿಕೊಂಡ ಲಾಭ ಇಲ್ಲಿ ಕಾಣುತ್ತೆ: ಧೂಳು ನೋಡುವ ಆವರ್ತನ ಅಂದರೆ ಸಂವೇಗದ ಉದ್ದವೇ, ಬೇರೆ ಏನೂ ಸೇರಿಸಬೇಕಿಲ್ಲ. ನೇರ ಹೊರಮುಖವಾಗಿ ಹೊರಟ ಕಿರಣಕ್ಕೆ ಮೇಲ್ಮೈ 10ರಲ್ಲಿದ್ದಾಗ 1.81 ಪಟ್ಟು, 4.5ರಲ್ಲಿದ್ದಾಗ ಸರಿಯಾಗಿ 3 ಪಟ್ಟು, 3ರಲ್ಲಿದ್ದಾಗ 5.45, 2.1ಕ್ಕೆ ಬಂದಾಗ ಸುಮಾರು 41 ಪಟ್ಟು ಬರಬೇಕು.

ಮೂರನೆಯದು ಓರೆ ಕಿರಣ. ಮೇಲ್ಮೈಯನ್ನು 0 ಮಾಡಿ ಬರೀ ಕಪ್ಪುಕುಳಿ ಇಟ್ಟುಕೊಂಡು, ದೂರದಿಂದ ಕಿರಣಗಳನ್ನು ಬಿಡಿ. ಕಿರಣ ಕೇಂದ್ರದಿಂದ ಎಷ್ಟು ಪಕ್ಕಕ್ಕೆ ಗುರಿ ಇಟ್ಟಿದೆ ಅನ್ನೋದನ್ನು ಪಕ್ಕದೂರ ಅನ್ನೋಣ. ಅದು 5.196ಕ್ಕಿಂತ, ಅಂದರೆ 3√3ಕ್ಕಿಂತ, ಕಮ್ಮಿಯಿದ್ದರೆ ಕಿರಣ ಒಳಗೆ ಬೀಳಬೇಕು, ಜಾಸ್ತಿಯಿದ್ದರೆ ಬಾಗಿ ಹೊರಟುಹೋಗಬೇಕು, ಗಡಿಯಲ್ಲೇ ಇದ್ದರೆ ದೂರ 3ರಲ್ಲಿ ಸುತ್ತುತ್ತಲೇ ಇರಬೇಕು. ಇಲ್ಲೊಂದು ಗುಂಡಿ ಇದೆ. 1000 ದೂರದಿಂದ ಸಮಾನಾಂತರವಾಗಿ ಬಿಟ್ಟ ಕಿರಣದ ಪಕ್ಕದೂರ ಅಂದರೆ ಅದರ ಎತ್ತರವೇ ಅಲ್ವಾ ಅನಿಸುತ್ತೆ. ಅಲ್ಲ. ಅಷ್ಟು ದೂರದಲ್ಲೂ ಹರಿವಿನ ವೇಗ ಬೆಳಕಿನ 4.5 ಶೇಕಡಾ ಇದೆ, ಎತ್ತರವನ್ನೇ ನಂಬಿದರೆ ಗಡಿ 5.196ರ ಬದಲು 5.43 ಬರುತ್ತೆ. ಸರಿಯಾದ ಪಕ್ಕದೂರ = ಕೋನೀಯ ಸಂವೇಗ ÷ ಶಕ್ತಿ. ಎಲ್ಲೇ ಲೆಕ್ಕ ಹಾಕಿದರೂ ಇದನ್ನೇ ಬಳಸಿ.

ದೂರದವರಿಗೆ ಕಾಣುವ ಚಿತ್ರ

ವೀಕ್ಷಕರನ್ನು ದೂರ 50ರಲ್ಲಿ ನಿಲ್ಲಿಸಿ. ನಕ್ಷತ್ರದ ಮೈಯಿಂದ ಎಲ್ಲ ದಿಕ್ಕಿಗೂ ಕಿರಣ ಚೆಲ್ಲಿ, ಯಾವುದು ಕಣ್ಣಿಗೆ ಬಂತು ಅಂತ ನೋಡೋದು ದಡ್ಡತನ, ಬಹುತೇಕ ಎಲ್ಲ ಕಿರಣವೂ ವ್ಯರ್ಥ. ಕಣ್ಣಿನಿಂದ ಹಿಂದಕ್ಕೆ ಓಡಿಸಿ: ಅದೇ ನಾಲ್ಕು ಸಾಲು, ಕಾಲದ ಹೆಜ್ಜೆ ಮಾತ್ರ ಋಣ. ಹಿಂದಕ್ಕೆ ಓಡಿಸುವುದರಲ್ಲಿ ಇನ್ನೊಂದು ದೊಡ್ಡ ಅನುಕೂಲ ಇದೆ. ದಿಗಂತದ ಹತ್ತಿರ ಮುಂದಕ್ಕೆ ಓಡುವ ಕಿರಣಗಳು ಒಂದರಿಂದೊಂದು ಬೇಗಬೇಗ ದೂರ ಸರಿಯುತ್ತವೆ, ಸಣ್ಣ ತಪ್ಪು ದೊಡ್ಡದಾಗುತ್ತೆ. ಹಿಂದಕ್ಕೆ ಓಡಿಸಿದರೆ ಅವೇ ಕಿರಣಗಳು ಹತ್ತಿರ ಬರುತ್ತವೆ, ತಪ್ಪು ಕುಗ್ಗುತ್ತೆ.

ಲಕ್ಷಗಟ್ಟಲೆ ಪಿಕ್ಸೆಲ್‌ಗಳಿಗೆ ಒಂದೊಂದು ಕಿರಣ ಬೇಕಿಲ್ಲ. ಗೋಳ ಆದ್ದರಿಂದ ಪಕ್ಕದೂರ ಒಂದೇ ಮುಖ್ಯ. 0ಯಿಂದ ಶುರು ಮಾಡಿ ನಕ್ಷತ್ರದ ಅಂಚಿನ ತನಕ ಕೆಲವು ನೂರು ಕಿರಣ ಸಾಕು, ಅವನ್ನು ವೃತ್ತವಾಗಿ ತಿರುಗಿಸಿದರೆ ಪೂರ್ತಿ ಬಿಲ್ಲೆ. ಆದರೆ ಸಮನಾಗಿ ಹಂಚಬೇಡಿ, 5.196ರ ಆಸುಪಾಸಿನಲ್ಲಿ ದಟ್ಟವಾಗಿ ಇಡಿ, ಕಾರಣ ಮುಂದೆ ಗೊತ್ತಾಗುತ್ತೆ. ಪ್ರತಿ ಕಿರಣಕ್ಕೂ ಶಕ್ತಿ = 1, ಕೋನೀಯ ಸಂವೇಗ = ಪಕ್ಕದೂರ ಅಂತ ಇಟ್ಟುಕೊಂಡು ಸಂವೇಗವನ್ನು ಬಿಡಿಸಿ. ಒಂದು ವರ್ಗ ಸಮೀಕರಣ ಬರುತ್ತೆ, ಹೊರಮುಖದ ಅಂದರೆ ಧನ ಉತ್ತರವನ್ನು ಆರಿಸಿ. ಹಿಂದಕ್ಕೆ ಓಡುತ್ತಾ ಮೇಲ್ಮೈ ಸಿಕ್ಕಿದ ತಕ್ಷಣ ನಿಲ್ಲಿಸಿ, ಅಲ್ಲಿ ಸಂವೇಗದ ಉದ್ದ ನೋಡಿದರೆ ಅದೇ ರೆಡ್‌ಶಿಫ್ಟ್ (ಶಕ್ತಿ 1 ಅಲ್ವಾ). ಹೊಳಪು ಅದರ ನಾಲ್ಕನೇ ಘಾತದಿಂದ ಕುಗ್ಗುತ್ತೆ.

ಎಷ್ಟು ಹೊತ್ತಿಗೆ ಕ್ಯಾಮೆರಾ ತೆರೆಯಬೇಕು? ಬಿಲ್ಲೆಯ ನಡುವಿನ ಕಿರಣಕ್ಕೆ ಲೆಕ್ಕ ಹೀಗಿದೆ. ಮೇಲ್ಮೈ 10ರಲ್ಲಿದ್ದಾಗ ಹೊರಟದ್ದು ವೀಕ್ಷಕರನ್ನು ತಲುಪೋದು ಕಾಲ 40.8ಕ್ಕೆ. 4.5ರಿಂದ ಹೊರಟದ್ದು 63.3ಕ್ಕೆ. 2.1ರಿಂದ ಹೊರಟದ್ದು 82.7ಕ್ಕೆ. ಮೊದಲ ಎರಡರ ನಡುವೆ ನಕ್ಷತ್ರದ ಮೇಲೆ ಕಳೆದದ್ದು 10.4, ಇಲ್ಲಿ 22.5. ಮುಂದಿನ ಎರಡರ ನಡುವೆ ಅಲ್ಲಿ ಬರೀ 3.1, ಇಲ್ಲಿ 19.4. ಕಾಲ ಹೇಗೆ ಹಿಗ್ಗುತ್ತಿದೆ ನೋಡಿ. ಮೇಲ್ಮೈ 2ನ್ನು ದಾಟಿದ ಕ್ಷಣದ ಬೆಳಕು ಯಾವತ್ತೂ ಬರೋದೇ ಇಲ್ಲ. ಸೋವಿಯತ್ ವಿಜ್ಞಾನಿಗಳು ಬಹಳ ಕಾಲ ಇದನ್ನು ಹೆಪ್ಪುಗಟ್ಟಿದ ನಕ್ಷತ್ರ ಅಂತಲೇ ಕರೆಯುತ್ತಿದ್ದರು. 40ರಿಂದ 120ರ ತನಕ ಫ್ರೇಮ್‌ಗಳನ್ನು ತೆಗೆಯಿರಿ, ಬೇಕಾದ್ದೆಲ್ಲ ಅಷ್ಟರಲ್ಲಿ ಮುಗಿದಿರುತ್ತೆ.

ಹೆಪ್ಪುಗಟ್ಟುತ್ತೆ ಅಂದರೆ ನಿಂತು ಕಾಣುತ್ತೆ ಅಂತ ಅಲ್ಲ. ಬಿಲ್ಲೆಯ ನಡುಭಾಗದ ರೆಡ್‌ಶಿಫ್ಟ್ ಪ್ರತಿ 4 ಕಾಲಮಾನಕ್ಕೆ 2.718 ಪಟ್ಟು ಏರುತ್ತೆ, ಹೊಳಪು ಅದರ ನಾಲ್ಕನೇ ಘಾತ, ಹಾಗಾಗಿ ಪ್ರತಿ 1 ಕಾಲಮಾನಕ್ಕೆ 2.718ನೇ ಒಂದು ಭಾಗಕ್ಕೆ ಇಳಿಯುತ್ತೆ. ಹತ್ತು ಸೂರ್ಯರ ನಕ್ಷತ್ರಕ್ಕೆ ಆ 1 ಅಂದರೆ 49 ಮೈಕ್ರೋಸೆಕೆಂಡ್. ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತಲು.

ಅಂಚು ಮಾತ್ರ ಬೇರೆ ಕತೆ. ಪಕ್ಕದೂರ 5.196ರ ಹತ್ತಿರದ ಕಿರಣಗಳು ದೂರ 3ರಲ್ಲಿ ಸುತ್ತು ಹೊಡೆದು, ತಡವಾಗಿ ಕಳಚಿಕೊಂಡು ಬರುತ್ತವೆ. ಅವು ಮೇಲ್ಮೈಯನ್ನು ಬಿಟ್ಟದ್ದು ಬಹಳ ಮೊದಲೇ, ಹಾಗಾಗಿ ಅವುಗಳ ರೆಡ್‌ಶಿಫ್ಟ್ ಕೆಲವೇ ಪಟ್ಟಿನಲ್ಲಿ ನಿಲ್ಲುತ್ತೆ. ನಡುಭಾಗ ಪೂರ್ತಿ ಕಪ್ಪಾದ ಮೇಲೂ ಅಂಚಿನಲ್ಲಿ ತೆಳ್ಳಗೆ ಒಂದು ಉಂಗುರ ಉಳಿದು, ಅದೂ ಸಣ್ಣಗಾಗುತ್ತಾ ಹೋಗುತ್ತೆ. ಒಟ್ಟು ಬೆಳಕನ್ನು ಕೂಡಿ ಕಾಲದ ಎದುರು ಲಾಗ್ ಗ್ರಾಫ್ ಹಾಕಿದರೆ ಕೊನೆಯ ಭಾಗ ನೇರ ಗೆರೆ ಆಗಬೇಕು, ಪ್ರತಿ 5.196 ಕಾಲಮಾನಕ್ಕೆ 2.718ನೇ ಒಂದು ಭಾಗ. 1968ರಲ್ಲಿ ಏಮ್ಸ್ ಮತ್ತು ಥಾರ್ನ್ ತೋರಿಸಿದ ಫಲಿತಾಂಶ ಇದು. ನಿಮ್ಮ ಗೆರೆಯ ಇಳಿಜಾರು ಸರಿಬರದಿದ್ದರೆ ಸಾಮಾನ್ಯವಾಗಿ ಕಾರಣ ಒಂದೇ, ಆ ಉಂಗುರದಲ್ಲಿ ಕಿರಣಗಳು ಸಾಲದು.

ದೂರ 3ರ ಈ ಸುತ್ತುಪಥಕ್ಕೆ ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರ ಕೆಲಸದ ಜೊತೆಗೂ ನಂಟಿದೆ. ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರು. ಅವರು 1970ರಲ್ಲಿ ಕಪ್ಪುಕುಳಿಯ ಮೇಲೆ ಗುರುತ್ವದ ಅಲೆ ಬಿಟ್ಟರೆ ಅದು ಕಂಪಿಸುತ್ತಾ ಬೇಗ ಅಡಗುತ್ತೆ ಅಂತ ಲೆಕ್ಕ ಹಾಕಿ ತೋರಿಸಿದರು. ಆ ಕಂಪನದ ವೇಗ ಮತ್ತು ಅಡಗುವ ದರ ಎರಡಕ್ಕೂ ಇದೇ ಸುತ್ತುಪಥದ ಜೊತೆ ಹತ್ತಿರದ ಸಂಬಂಧ ಇದೆ ಅಂತ ಆಮೇಲೆ ಗೊತ್ತಾಯಿತು. 2019ರಲ್ಲಿ ಬಂದ, ಎಂ87 ಗೆಲಾಕ್ಸಿಯ ನಡುವಿನ ಕಪ್ಪುಕುಳಿಯ ಚಿತ್ರದ ನಡುವಿನ ಕಪ್ಪು ನೆರಳನ್ನು ವಿವರಿಸುವಾಗಲೂ ಶುರುವಾಗೋದು ಇದೇ 5.196ರಿಂದ. ಅಲ್ಲಿ ಕಪ್ಪುಕುಳಿ ಸೂರ್ಯನ 650 ಕೋಟಿ ಪಟ್ಟು, ಕಾಲದ 1 ಅಂದರೆ ಸುಮಾರು 9 ಗಂಟೆ.

ಸಂಖ್ಯೆಯ ಮಿತಿಯೂ ತಿಳಿದಿರಲಿ. ಕಂಪ್ಯೂಟರಿನ ಮಾಮೂಲಿ ದಶಮಾಂಶಕ್ಕೆ ಸುಮಾರು 16 ಅಂಕೆ ಸಿಗುತ್ತೆ. ದೂರದಿಂದ 2ನ್ನು ಕಳೆದರೆ ಉಳಿಯುವ ಸಣ್ಣ ಸಂಖ್ಯೆ ಕಾಲದ ಜೊತೆ ಕುಗ್ಗುತ್ತಾ, ಸುಮಾರು 150 ಕಾಲಮಾನದಲ್ಲಿ ಆ ಅಂಕೆಗಳೆಲ್ಲ ಖಾಲಿ. 120ಕ್ಕೆ ನಿಲ್ಲಿಸಿ ಅಂದದ್ದಕ್ಕೆ ಇದೂ ಒಂದು ಕಾರಣ.

ಇದನ್ನು ಬೆಳೆಸಬೇಕು ಅನ್ನೋರು ತಿರುಗುವ ಕಪ್ಪುಕುಳಿಗೆ ಹೋಗಬಹುದು. ಅಲ್ಲೂ ಹರಿವಿನ ರೂಪ ಇದೆ, 2000ದಲ್ಲಿ ಡೋರನ್ ಕೊಟ್ಟದ್ದು, ಆದರೆ ತಿರುಗುತ್ತಾ ಕುಸಿಯುವ ನಕ್ಷತ್ರಕ್ಕೆ ಇಷ್ಟು ಚೊಕ್ಕ ಸೂತ್ರ ಇಲ್ಲ, ಐನ್‌ಸ್ಟೈನ್ ಸಮೀಕರಣವನ್ನೇ ಸಂಖ್ಯೆಯಲ್ಲಿ ಬಿಡಿಸಬೇಕು. ಅದಕ್ಕೆ ಐನ್‌ಸ್ಟೈನ್ ಟೂಲ್‌ಕಿಟ್ ಅನ್ನೋ ಮುಕ್ತ ತಂತ್ರಾಂಶ ಇದೆ, ಬರೀ ಕಿರಣ ಓಡಿಸಲು ಗ್ಯೋಟೋ ಇದೆ. ಎರಡಕ್ಕೂ ತಾಳ್ಮೆ ಬೇಕು. ಚಿತ್ರಕ್ಕೆ ಬಣ್ಣ ಹಾಕುವಾಗ ಮಾತ್ರ ಹೊಳಪನ್ನು ಲಾಗ್ ಮಾಡಿಯೇ ತೋರಿಸಿ, ಇಲ್ಲದಿದ್ದರೆ ಮೊದಲ ಕೆಲವು ಫ್ರೇಮ್ ಆದ ಮೇಲೆ ಸ್ಕ್ರೀನ್ ಪೂರ್ತಿ ಕಪ್ಪಾಗುತ್ತೆ, ಉಂಗುರ ಕಾಣಿಸೋದೇ ಇಲ್ಲ.